ಕುರಿಹಿಕ್ಕೆಯ ಗ್ಯಾಸಿನಿಂದ ನಡೆದ ಕಂಪ್ಯೂಟರ್ ಮನೆ

ಸರ್ವರ್ ಎಂಬ ಯಂತ್ರವನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದಾಗ ನನಗೆ ಐವತ್ತೆರಡು ವರ್ಷ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಬಾಗಲಕೋಟೆಯ ಸುತ್ತಮುತ್ತ ಗೋಬರ್ ಗ್ಯಾಸ್ ಗುಂಡಿ ತೋಡಿಸಿದ್ದೆ, ಹೊಗೆಯಿಲ್ಲದ ಒಲೆ ಕಟ್ಟಿಸಿದ್ದೆ, ಸೋಲಾರ್ ದೀಪ ಹಂಚಿದ್ದೆ. ಕಟ್ಟಿಸಿದ ಒಲೆಗಳನ್ನು ಮರುವರ್ಷ ನೋಡಲು ಹೋದರೆ ಎಷ್ಟೋ ಮನೆಗಳಲ್ಲಿ ಅದರೊಳಗೆ ಕೋಳಿ ಕಾವಿಗೆ ಕೂತಿರುತ್ತಿತ್ತು. ಮನೆಯಾಕೆ ನಾಚಿಕೊಂಡು, "ಹೊಗಿ ಇಲ್ಲಂದ್ರ ರೊಟ್ಟಿಗೆ ರುಚಿ ಬರೂದಿಲ್ರಿ ಅಕ್ಕಾರ" ಎನ್ನುತ್ತಿದ್ದಳು. ನಾನು ಪಟ್ಟಿಯಲ್ಲಿ 'ಬಳಕೆಯಲ್ಲಿದೆ' ಎಂದು ಬರೆದುಕೊಂಡು ಬರುತ್ತಿದ್ದೆ. ಸುಳ್ಳೇನಲ್ಲ, ಕೋಳಿ ಬಳಸುತ್ತಿತ್ತು.

ಇಂಥ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವಳು ನಾನು. ಈಗ ನಿವೃತ್ತಳು. ನಾನು ಬಿಟ್ಟು ಬಂದ ಕುರ್ಚಿಗಳಿಗೆ ಹೊಸಬರು ಬರುತ್ತಿದ್ದಾರೆ. ಅವರ ಕೈಗೆ ಕೊಡುವ ಪುಸ್ತಿಕೆಯಲ್ಲಿ ಇಳಕಲ್ಲಿನ ನಮ್ಮ ಯೋಜನೆಯ ಬಣ್ಣದ ಚಿತ್ರವಿದೆ, ಕೆಳಗೆ ಎರಡು ಸಾಲಿನ ಹೊಗಳಿಕೆಯಿದೆ. ಆ ಚಿತ್ರ ತೆಗೆಯುವ ಹಿಂದಿನ ದಿನ ಏನಾಯಿತೆಂದು ಅದರಲ್ಲಿ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉತ್ಸಾಹದಿಂದಲ್ಲ. ಬರೆಯದಿದ್ದರೆ ಇನ್ನೊಬ್ಬರು ಅದೇ ತಪ್ಪು ಮಾಡುತ್ತಾರೆ ಎಂಬ ಒಂದೇ ಕಾರಣಕ್ಕೆ.

ಯೋಜನೆ ಹೇಳುವುದಕ್ಕೆ ಸುಲಭವಾಗಿತ್ತು. ಜಿಲ್ಲೆಯ ಕಾಲೇಜುಗಳ, ಸಹಕಾರ ಸಂಘಗಳ ದಾಖಲೆಗಳನ್ನು ಇಡುವ ಒಂದು ಸಣ್ಣ ಡೇಟಾ ಸೆಂಟರ್. ನಾಲ್ಕು ಕಬ್ಬಿಣದ ಕಪಾಟುಗಳಷ್ಟು ಸರ್ವರುಗಳು, ಅಷ್ಟೇ. ಹಗಲು ಸೋಲಾರ್. ಕರೆಂಟು ಹೋದಾಗ ಡೀಸೆಲ್ ಬದಲು ಸಗಣಿಯ ಗ್ಯಾಸಿನಿಂದ ಓಡುವ ಇಂಜಿನ್. ಸರ್ವರುಗಳು ಕಾರುವ ಬಿಸಿಯನ್ನು ಗಾಳಿಗೆ ಬಿಡದೆ ಅಕ್ಕಪಕ್ಕದ ಕಸುಬಿನವರಿಗೆ ಕೊಡುವುದು. ಗ್ಯಾಸ್ ತೆಗೆದುಳಿದ ರಾಡಿ ಹೊಲಕ್ಕೆ ಗೊಬ್ಬರ. ಯಾವುದೂ ಹಾಳಾಗುವುದಿಲ್ಲ. ರಾಜಧಾನಿಯಿಂದ ಬರುತ್ತಿದ್ದ ನಮ್ಮ ನಿರ್ದೇಶಕರು ಇದನ್ನು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುವಾಗ ಬಾಣದ ಗುರುತುಗಳು ಒಂದರ ಬಾಲ ಇನ್ನೊಂದು ಹಿಡಿದು ದುಂಡಗೆ ತಿರುಗುತ್ತಿದ್ದವು. ನೋಡಿದವರೆಲ್ಲ ತಲೆದೂಗುತ್ತಿದ್ದರು. ನಾನೂ ದೂಗಿದೆ.

ಮೊದಲು ಜಾಗ ಗೊತ್ತು ಮಾಡಿದ್ದು ಬಾದಾಮಿಯಲ್ಲಿ. ಕಾರಣ ಕೇಳಿದರೆ ನಿರ್ದೇಶಕರು, "ನೋಡೋಕೆ ಬರುವವರಿಗೆ ಗುಹೆಗಳನ್ನೂ ತೋರಿಸಬಹುದಲ್ಲ ಮೇಡಂ" ಅಂದರು. ಊರಾಚೆ ಗುಂಡಿ ತೋಡಲು ಹಚ್ಚಿದೆವು. ಎರಡು ಅಡಿಗೆ ಕೆಂಪು ಬಂಡೆ. ಹತ್ತು ಹೆಜ್ಜೆ ಸರಿದು ತೋಡಿದರೆ ಅಲ್ಲಿಯೂ ಬಂಡೆ. ಗುದ್ದಲಿ ಇಳಿಸಿ ಬೀಡಿ ಹಚ್ಚಿದ ಮುದುಕನೊಬ್ಬ ನನ್ನನ್ನು ಕರುಣೆಯಿಂದ ನೋಡಿ ಹೇಳಿದ: "ಅಕ್ಕಾರ, ಇಲ್ಲಿ ಮಣ್ಣ ಇದ್ದಿದ್ರ ಹಿಂದಿನ ರಾಜರು ಗುಡಿ ಕಟ್ಟತಿದ್ರು, ಕಲ್ಲ ಕೊರಿತಿದ್ದಿಲ್ಲ." ಅವನ ಮಾತಿನಲ್ಲಿ ಇತಿಹಾಸ ಎಷ್ಟು ಸರಿಯಿತ್ತೋ ಗೊತ್ತಿಲ್ಲ, ಮಣ್ಣಿನ ವಿಷಯ ಸರಿಯಿತ್ತು. ಗುಂಡಿ ಮುಚ್ಚಿಸಿ ಬಂದೆವು. ಜಾಗ ನೋಡಲು ನಕಾಶೆಯ ಜೊತೆ ಒಬ್ಬ ಗುದ್ದಲಿಯವನನ್ನೂ ಕರೆದುಕೊಂಡು ಹೋಗಿ ಎಂದು ಹೊಸಬರಿಗೆ ಹೇಳುವುದು ಇದಕ್ಕೇ.

ಕೊನೆಗೆ ಇಳಕಲ್ಲಿನ ಅಂಚಿನಲ್ಲಿ, ಹುನಗುಂದದ ದಾರಿಗೆ, ನೇಕಾರರ ಸಂಘವೊಂದರ ಖಾಲಿ ಶೆಡ್ಡು ಸಿಕ್ಕಿತು. ಅಲ್ಲಿಯೂ ಕೆಳಗೆ ಕಲ್ಲೇ. ಅದಕ್ಕೆ ಗ್ಯಾಸಿನ ಟಾಕಿಯನ್ನು ನೆಲದ ಮೇಲೆ ಉಕ್ಕಿನಲ್ಲಿ ಮಾಡಿಸಿದೆವು. ಉಳಿದ ರಾಡಿ ನಿಲ್ಲುವುದಕ್ಕೆ ಮಾತ್ರ ಕಲ್ಲು ಒಡೆಸಿ ಆಳೆತ್ತರಕ್ಕಿಂತ ತುಸು ಹೆಚ್ಚು ಆಳದ ಗುಂಡಿ ಮಾಡಿ, ಮೇಲೆ ಹಲಗೆ ಹಾಸಿ, ಕಬ್ಬಿಣದ ಮುಚ್ಚಳ ಕೂಡಿಸಿದೆವು. ಇದನ್ನೆಲ್ಲ ನೋಡಿಕೊಳ್ಳಲು ಸಂಗಪ್ಪನನ್ನು ನೇಮಿಸಿದೆ. ಹುನಗುಂದದ ಕಡೆಯವನು, ನಲವತ್ತರ ಆಸುಪಾಸು, ಹಿಂದೆ ಹಿಟ್ಟಿನ ಗಿರಣಿಯಲ್ಲಿದ್ದವನು. ಇಂಜಿನ್ನಿನ ಸಪ್ಪಳ ಕೇಳಿಯೇ ಎಲ್ಲಿ ಕೆಟ್ಟಿದೆ ಅನ್ನುತ್ತಿದ್ದ. ಖಾಕಿ ಅಂಗಿ, ಸೊಂಟಕ್ಕೆ ಅಗಲವಾದ ತೊಗಲಿನ ಪಟ್ಟಿ. ಹೇಳಿದ ಕೆಲಸವನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಅದು ಅವನ ಒಳ್ಳೆಯತನ ಎಂದು ಆಗ ತಿಳಿದಿದ್ದೆ.

ಟಾಕಿಗೆ ಹೊಟ್ಟೆ ತುಂಬಿಸಬೇಕಲ್ಲ. ದನದ ಸಗಣಿ ಸಾಲದು. ವರದಿಯಲ್ಲಿ 'ಕುರಿ ಗೊಬ್ಬರ ಹೇರಳವಾಗಿ ಲಭ್ಯ' ಎಂದಿತ್ತು. ನಾನು ಕಮತಗಿಯ ಹತ್ತಿರ ಒಂದು ಹೊಲದಲ್ಲಿ ಹಟ್ಟಿ ಹಾಕಿದ್ದ ಕುರಿಗಾರ ಮಾಳಪ್ಪನನ್ನು ಹುಡುಕಿಕೊಂಡು ಹೋದೆ. ಬೀರಪ್ಪನ ಒಕ್ಕಲು, ಹೆಗಲ ಮೇಲೆ ಕಂಬಳಿ, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದ.

"ಹಿಕ್ಕಿ ನಿಮಗ ಕೊಟ್ರ ಈ ಹೊಲದಾವ ನನ್ನ ಯಾಕ ಕರಿತಾನ್ರಿ?" ಅಂದ. "ಅಂವ ಕರಿಯೂದ ಹಿಕ್ಕಿ ಸಲುವಾಗಿ. ನನ್ನ ಮಾರಿ ನೋಡಾಕಲ್ಲ. ಕರೀಲಿಲ್ಲ ಅಂದ್ರ ನನ್ನ ಕುರಿ ಎಲ್ಲಿ ನಿಲ್ಲಬೇಕು?"

ಕುರಿ ನಿಂತ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಕಾಳು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಒಪ್ಪಂದ. ನನಗೂ ಗೊತ್ತಿತ್ತು. ಆದರೂ ವರದಿ ಓದುವಾಗ ಹೊಳೆದಿರಲಿಲ್ಲ. 'ಲಭ್ಯ' ಎಂದರೆ ಬಿದ್ದುಕೊಂಡಿದೆ ಎಂದೇ ತಿಳಿದಿದ್ದೆ. ಗ್ಯಾಸ್ ತೆಗೆದ ಮೇಲೆ ರಾಡಿಯನ್ನು ಅದೇ ಹೊಲಗಳಿಗೆ ಟ್ಯಾಂಕರಿನಲ್ಲಿ ತಂದು ಸುರಿಯುತ್ತೇವೆ, ಅದರಲ್ಲಿ ಕಸುವು ಹೋಗಿರುವುದಿಲ್ಲ ಎಂದು ಹೇಳಿದೆ. ಹೊಲದವರನ್ನು ಕೂರಿಸಿ ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಆಮೇಲೆ ಮಾಳಪ್ಪ ಮತ್ತೊಂದು ಮಾತು ಹೇಳಿದ: "ಮಳಿ ಹಿಡಿದ ಮ್ಯಾಲ ನಾವ್ ಈ ಕಡೆ ಇರೂದಿಲ್ರಿ. ಕೆಸರಿನ್ಯಾಗ ಕುರಿ ಕಾಲ ಕೊಳಿತಾವ. ಮ್ಯಾಲಿನ ಸೀಮಿಗೆ ಹೋಗ್ತೇವಿ." ವರ್ಷಪೂರ್ತಿ ಹೇರಳವಾಗಿ ಲಭ್ಯ ಎಂಬುದರಲ್ಲಿ ನಾಲ್ಕು ತಿಂಗಳು ಅಲ್ಲಿಯೇ ಹೋಯಿತು.

ಮೊದಲ ಲೋಡು ಬಂದ ದಿನ ಹಸಿ ಹಿಕ್ಕೆಯನ್ನು ಹಾಗೆಯೇ ಟಾಕಿಗೆ ಸುರಿಸಿದೆ. ಹತ್ತೇ ದಿನದಲ್ಲಿ ಗ್ಯಾಸ್ ನಿಂತಿತು. ಸಂಗಪ್ಪ ಮೇಲಿನ ಕಿಂಡಿ ತೆಗೆದು ತೋರಿಸಿದ. ಕಾಳುಮೆಣಸಿನಂಥ ಹಿಕ್ಕೆಗಳು ಒಂದೂ ಮುಳುಗದೆ ತೇಲಿ, ಒಂದಕ್ಕೊಂದು ಅಂಟಿ, ಮೇಲೆ ಕಾಲಿಟ್ಟರೂ ಒಡೆಯದಂಥ ಹೆಪ್ಪಾಗಿತ್ತು. ಮಾಳಪ್ಪ ಬಂದು ನೋಡಿ ನಕ್ಕ.

"ತೇಲದ ಏನ್ ಮಾಡ್ತಾವ್ರಿ? ಹಟ್ಟಿಯಾಗ ಕುರಿ ತುಳಿದು ತುಳಿದು ಪುಡಿ ಆಗಿರೂದ ತರಬೇಕು. ಉಚ್ಚಿ ಕುಡದಿರತೈತಿ, ನೀರಾಗ ಕರಗತೈತಿ."

"ಮೊದಲ ಯಾಕ ಹೇಳಲಿಲ್ಲೋ ಮಾರಾಯ?"

"ನೀವು ಇಂಜಿನಿಯರ್ ಅದೀರಿ. ನಾ ಏನ್ ಹೇಳಲಿ?"

ಆ ಹೆಪ್ಪನ್ನು ಕೊರೆದು ತೆಗೆಯಲು ಸಂಗಪ್ಪನಿಗೆ ಒಂದು ವಾರ ಬೇಕಾಯಿತು. ನನಗೆ ಅದನ್ನು 'ತಾಂತ್ರಿಕ ಹೊಂದಾಣಿಕೆ' ಎಂದು ವರದಿ ಬರೆಯಲು ಒಂದು ಮಧ್ಯಾಹ್ನ.

ಬಿಸಿಯ ಕತೆ ಇನ್ನೊಂದು. ಸರ್ವರುಗಳ ಬಿಸಿಯಿಂದ ನೀರು ಕಾಯಿಸಿ ಬಣ್ಣದ ಮನೆಗೆ ಕೊಡುವುದೆಂದು ನಾವು ಬರೆದಿದ್ದೆವು. ಶೆಡ್ಡಿನ ಪಕ್ಕದಲ್ಲೇ ವಿಠ್ಠಲಪ್ಪನವರ ಬಣ್ಣದ ಮನೆ. ಸೀರೆಗೆ ಬೇಕಾದ ನೂಲಿಗೆ ಬಣ್ಣ ಕಟ್ಟುವುದು ಅವರ ತಂದೆಯ ಕಾಲದ ಕಸುಬು. ಕಟ್ಟಿಗೆ ಉಳಿಯುತ್ತದೆ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೆ. ಪೈಪು ಜೋಡಿಸಿದ ದಿನ ಅವರು ಹೊಸ ಧೋತರ ಉಟ್ಟು, ತೆಂಗಿನಕಾಯಿ ಒಡೆದು, ನಲ್ಲಿ ತಿರುಗಿಸಿ ನೀರಿಗೆ ಕೈ ಹಿಡಿದರು. ಮತ್ತೆ ಹಿಡಿದರು.

"ಅಕ್ಕಾರ, ಇದು ಕೂಸಿಗೆ ಎರಿಯೂ ನೀರು. ಬಣ್ಣಕ್ಕ ಕುದಿಬೇಕು."

ಸರ್ವರಿನ ಬಿಸಿ ಕೈಗೆ ಹಿತವಾಗುವಷ್ಟೇ ಎಂಬುದು ನನಗೆ ಲೆಕ್ಕದಲ್ಲಿ ಗೊತ್ತಿತ್ತು. ಬಣ್ಣದ ಹಂಡೆ ಎಷ್ಟು ಕುದಿಯಬೇಕೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ವಿಠ್ಠಲಪ್ಪನವರು ಬೈಯಲಿಲ್ಲ. ಒಡೆದ ಕಾಯಿಯ ಹೋಳನ್ನು ನನ್ನ ಕೈಗೆ ಕೊಟ್ಟು, "ಇರ್ಲಿ ಬಿಡ್ರಿ, ಬಂದೀರಿ, ಚಹಾ ಕುಡೀರಿ" ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕಲಾದಗಿಯಿಂದ ದಾಳಿಂಬೆ ಸಿಪ್ಪೆ ತರಿಸಿ, ಆ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ಗಿಡದ ಬಣ್ಣ ತೆಗೆಯುವ ಪ್ರಯೋಗವನ್ನೂ ಮಾಡಿದೆವು. ಬಣ್ಣವೇನೋ ಬಂತು. ಪ್ರತಿ ಸಲ ಬೇರೆಬೇರೆ ಬಂತು. ಒಂದೇ ಸೀರೆಯಲ್ಲಿ ಎರಡು ಅರಿಸಿನ ಕಂಡರೆ ಯಾರು ಉಡುತ್ತಾರೆ? ಅದೂ ನಿಂತಿತು.

ದಾರಿ ತೋರಿಸಿದ್ದು ಗುರವ್ವ. ನೂಲಿನ ಲಡಿಗಳಿಗೆ ಗಂಜಿ ಹಚ್ಚಿ ಒಣಗಿಸಿ ಕೊಡುವುದು ಆಕೆಯ ಕೆಲಸ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಗಂಜಿ ಹಳಸಿ, ನೂಲು ನಾರುತ್ತದೆ. ಅಷ್ಟು ದಿನ ಆಕೆಯ ಕೈ ಖಾಲಿ. ಒಂದು ಜಡಿಮಳೆಯ ದಿನ ನಾನು ಶೆಡ್ಡಿಗೆ ಹೋದಾಗ ಕಾವಲುಗಾರ ಅವಳ ಜೊತೆ ಜಗಳಾಡುತ್ತಿದ್ದ. ಸರ್ವರ್ ಕೋಣೆಯ ಬಿಸಿಗಾಳಿ ಹೊರಗೆ ಬರುವ ಕಿಂಡಿಯ ಮುಂದೆ ಹಗ್ಗ ಕಟ್ಟಿ ಅವಳು ಲಡಿಗಳನ್ನು ತೂಗುಹಾಕಿದ್ದಳು.

"ಗಾಳಿ ಸುಮ್ಮ ಹೊಂಟೈತಿ, ಯಾರಪ್ಪಂದು ಅದು? ನೂಲರ ಒಣಗಲಿ" ಎನ್ನುತ್ತಿದ್ದಳು.

ನಾನು ಒಂದು ಲಡಿ ಮುಟ್ಟಿ ನೋಡಿದೆ. ಒಣಗಿ ಗರಿಗರಿಯಾಗಿತ್ತು. ಕುದಿಯುವಷ್ಟು ಬಿಸಿ ಬಂದಿದ್ದರೆ ಸುಟ್ಟೇಹೋಗುತ್ತಿತ್ತು. ಆ ಹದವೇ ನೂಲಿಗೆ ಬೇಕಾಗಿದ್ದುದು. ಎರಡು ತಿಂಗಳಲ್ಲಿ ಒಂದು ತಗಡಿನ ಕೋಣೆ ಮಾಡಿಸಿ, ದಪ್ಪ ಬಟ್ಟೆಯ ಉದ್ದನೆ ಕೊಳವೆಯಿಂದ ಬಿಸಿಗಾಳಿಯನ್ನು ಅದರೊಳಗೆ ಬಿಟ್ಟೆವು. ಆ ಮಳೆಗಾಲ ಗುರವ್ವನ ಜೊತೆ ಹನ್ನೊಂದು ಹೆಂಗಸರು ಅಲ್ಲಿ ಕೆಲಸ ಮಾಡಿದರು. ನನ್ನ ಇಡೀ ವೃತ್ತಿಯಲ್ಲಿ ನಿಜವಾಗಿ ನೆಟ್ಟಗಾದ ಕೆಲಸ ಅದೊಂದೇ ಇರಬೇಕು, ಅದೂ ನನ್ನದಲ್ಲ. ನಿರ್ದೇಶಕರು ಅದನ್ನು ಎಲ್ಲೋ ಒಂದು ಸಮ್ಮೇಳನದಲ್ಲಿ ಮಂಡಿಸಿ ಶಾಲು ಹೊದಿಸಿಕೊಂಡು ಬಂದರು. ಗುರವ್ವನ ಹೆಸರು ಹಾಕಿದಿರಾ ಎಂದು ಕೇಳಿದೆ. "'ಸ್ಥಳೀಯ ಸಮುದಾಯ' ಅಂತ ಹಾಕಿದ್ದೀನಿ ಮೇಡಂ" ಅಂದರು.

ಇನ್ನು ಆ ದಿನದ ಮಾತು. ಇದನ್ನು ಬರೆಯಲು ಕೂತು ಮೂರು ಸಲ ಎದ್ದುಹೋಗಿದ್ದೇನೆ.

ಹೊರನಾಡಿನಿಂದ ಒಂದು ತಂಡ ಯೋಜನೆ ನೋಡಲು ಬರುವುದಿತ್ತು. ಗುರುವಾರ ಬರುತ್ತಾರೆ ಎಂದಿದ್ದವರು ಬುಧವಾರವೇ ಬರುತ್ತಾರೆ ಎಂದು ಮಂಗಳವಾರ ಬೆಳಿಗ್ಗೆ ಫೋನು ಬಂತು. ರಾಡಿ ಗುಂಡಿಯ ತಳದಲ್ಲಿ ಗಸಿ ಕೂತು, ಹೊರಗೆ ಹೋಗುವ ಪೈಪು ಕಟ್ಟಿಕೊಂಡಿತ್ತು. ಅಂಗಳದಲ್ಲೆಲ್ಲ ನಾತ. ಮುಚ್ಚಳ ತೆರೆದು ಒಂದು ದಿನ ಪೂರ್ತಿ ಗಾಳಿಗೆ ಬಿಟ್ಟು, ಗ್ಯಾಸ್ ಅಳೆಯುವ ಮೀಟರ್ ಇಳಿಸಿ ನೋಡಿ, ಆಮೇಲೆ ಮೇಲಿನಿಂದಲೇ ಕೋಲು ಹಾಕಿ ಬಿಡಿಸಬೇಕು. ಇದು ನಿಯಮ. ನಾನೇ ಸಂಗಪ್ಪನಿಗೆ ಕಲಿಸಿದ್ದೆ. ಆದರೆ ಮೀಟರ್ ಕೆಟ್ಟು ಆರು ತಿಂಗಳಾಗಿತ್ತು. ಹೊಸದಕ್ಕೆ ಎರಡು ಪತ್ರ ಬರೆದಿದ್ದೆ. ಮೂರನೆಯದು ಬರೆಯಲು ಬೇಸರಪಟ್ಟು ಬಿಟ್ಟಿದ್ದೆ.

ನಿರ್ದೇಶಕರು ಫೋನಿನಲ್ಲಿ, "ಇವತ್ತೇ ಕ್ಲೀನ್ ಆಗಬೇಕು ಮೇಡಂ, ವಾಸನೆ ಬಂದರೆ ಮರ್ಯಾದೆ ಹೋಗುತ್ತೆ" ಅಂದರು. ನಾನು ಹೊರಗೆ ಬಂದು ಸಂಗಪ್ಪನಿಗೆ ಹೇಳಿದ ಮಾತು ಅಕ್ಷರಶಃ ನೆನಪಿದೆ: "ಸಂಗಪ್ಪಾ, ಮಧ್ಯಾಹ್ನದೊಳಗ ಪೈಪು ಬಿಡಬೇಕು ನೋಡಪಾ. ಹೆಂಗರ ಮಾಡು."

"ಆತ್ರಿ ಅಕ್ಕಾರ" ಅಂದ. ಇಳಿಯಬೇಡ ಎಂದು ನಾನು ಹೇಳಲಿಲ್ಲ. ಹೆಂಗರ ಮಾಡು ಅಂದೆ. ಒಳಗೆ ಹೋಗಿ ಸರ್ವರ್ ಕೋಣೆಯ ಬಾಗಿಲಿಗೆ ಹೂವಿನ ಮಾಲೆ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ನೋಡತೊಡಗಿದೆ.

ಮಾಳಪ್ಪ ಅದೇ ಹೊತ್ತಿಗೆ ಟ್ರ್ಯಾಕ್ಟರಿನಲ್ಲಿ ಹಟ್ಟಿಯ ಗೊಬ್ಬರ ತಂದಿದ್ದ. ಅವನ ಕೂಗು ಕೇಳಿ ನಾನು ಹೊರಗೋಡಿದೆ. ಗುಂಡಿಯ ಮುಚ್ಚಳ ತೆರೆದಿತ್ತು. ಅದರ ಬಾಯಿಯ ಪಕ್ಕದಲ್ಲಿ ಸಂಗಪ್ಪನ ಚಪ್ಪಲಿಗಳು ಜೋಡಿಸಿಟ್ಟಂತೆ ಇದ್ದವು. ಬಗ್ಗಿ ನೋಡಿದರೆ ಒಳಗೆ ಗೋಡೆಗೆ ಒರಗಿ ಕೂತಿದ್ದ, ತಲೆ ಎದೆಯ ಮೇಲೆ ಬಿದ್ದಿತ್ತು. ಮೊಣಕಾಲಿನವರೆಗೆ ರಾಡಿ.

ಕಾವಲುಗಾರ ಇಳಿಯಲು ಕಾಲು ಹಾಕಿಯೇ ಬಿಟ್ಟಿದ್ದ. ಮಾಳಪ್ಪ ಅವನ ಅಂಗಿ ಹಿಡಿದು ಹಿಂದಕ್ಕೆ ಒಗೆದ. "ಇಳಿಬ್ಯಾಡಲೇ! ಇದು ಹಗೇವು ಇದ್ದಂಗ ಐತಿ. ನಮ್ಮ ಕಾಕಾ ಹಗೇವಿನ್ಯಾಗ ಜ್ವಾಳ ತೆಗಿಯಾಕ ಇಳಿದು ಸತ್ತಾನ. ಅವನ್ನ ತೆಗಿಯಾಕ ಇಳಿದಾಂವನೂ ಸತ್ತಾನ." ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಹಳೆಯ ಕಾಲದ ಗುಂಡಿ, ಮುಚ್ಚಿಟ್ಟಲ್ಲಿ ಗಾಳಿ ವಿಷವಾಗುತ್ತದೆ. ತೆಗೆಯುವ ಮೊದಲು ಒಂದು ದಿನ ಬಾಯಿ ತೆರೆದಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮಾಳಪ್ಪ ಅದನ್ನೇ ಕೇಳಿದ: "ದೀಪ ತರ್ರಿ, ನೋಡೂನು."

"ಬೆಂಕಿ ಬ್ಯಾಡ!" ಎಂದು ನಾನು ಚೀರಿದೆ. "ಗ್ಯಾಸ್ ಐತಿ, ಎಲ್ಲಾ ಹಾರಿ ಹೋಗತೈತಿ!"

ಅವನಿಗೆ ಗೊತ್ತಿದ್ದುದು ಆ ಗಳಿಗೆಯಲ್ಲಿ ನನಗೆ ಹೊಳೆದಿರಲಿಲ್ಲ. ನನಗೆ ಗೊತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ. ಮುಂದೇನು ಎಂದು ಇಬ್ಬರೂ ಮುಖ ನೋಡಿಕೊಳ್ಳುವಷ್ಟರಲ್ಲಿ ಗುರವ್ವ ನೂಲಿನ ಕೋಣೆಯಿಂದ ಆ ಬಟ್ಟೆಯ ಕೊಳವೆಯನ್ನೇ ಕಿತ್ತು ಎಳೆದುಕೊಂಡು ಬಂದಿದ್ದಳು. "ಗಾಳಿ ಬೇಕಲ್ರಿ? ತಗೋರಿ ಗಾಳಿ" ಅಂದಳು. ಫ್ಯಾನು ದೂರದ ಕೋಣೆಯಲ್ಲಿತ್ತು, ಕಿಡಿಯ ಭಯವಿರಲಿಲ್ಲ. ಕೊಳವೆಯ ಬಾಯಿಯನ್ನು ಗುಂಡಿಯೊಳಗೆ ಬಿಟ್ಟೆವು. ಬೆಚ್ಚನೆಯ ಗಾಳಿ ಒಳಗೆ ನುಗ್ಗಿ, ಒಳಗಿನ ಕೊಳೆತ ಗಾಳಿ ನಮ್ಮ ಮುಖಕ್ಕೆ ಹೊಡೆಯಿತು. ಎಲ್ಲರೂ ಸೆರಗು, ರುಮಾಲು ಮೂಗಿಗೆ ಒತ್ತಿ ಹಿಂದೆ ಸರಿದೆವು. ಮಾಳಪ್ಪ ಟ್ರ್ಯಾಕ್ಟರಿನಿಂದ ಹಟ್ಟಿಯ ಬೇಲಿಗೆ ಮುಳ್ಳು ಎಳೆಯುವ ಕೊಕ್ಕೆಕೋಲು ತಂದ. ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಗಿಹಿಡಿದು, ಸಂಗಪ್ಪನ ಸೊಂಟದ ತೊಗಲಿನ ಪಟ್ಟಿಗೆ ಕೊಕ್ಕೆ ಸಿಕ್ಕಿಸಿದ. ಅವನು, ಕಾವಲುಗಾರ, ಟ್ರ್ಯಾಕ್ಟರಿನವನು ಮೂವರೂ ಎಳೆದರು. ಕೈ ಸಿಗುವಷ್ಟು ಮೇಲೆ ಬಂದಾಗ ಗುರವ್ವ ಅವನ ಕೂದಲನ್ನೇ ಹಿಡಿದಳು, ನಾನು ತೋಳು ಹಿಡಿದೆ.

ನೆಲಕ್ಕೆ ಹಾಕಿದಾಗ ತುಟಿ ನೀಲಿಯಾಗಿತ್ತು. ನಾನು ಹೆಸರು ಕೂಗುತ್ತ ಎದೆ ಒತ್ತಿದೆ, ತರಬೇತಿಯಲ್ಲಿ ಗೊಂಬೆಯ ಮೇಲೆ ಒತ್ತಿದ್ದ ನೆನಪಿನಲ್ಲಿ. ಎಷ್ಟು ಹೊತ್ತೋ ಗೊತ್ತಿಲ್ಲ. ಒಮ್ಮೆ ಕೆಮ್ಮಿದ. ಆ ಕೆಮ್ಮಿನ ಸದ್ದು ಕೇಳಿ ಮಾಳಪ್ಪ ಅಲ್ಲಿಯೇ ಕುಕ್ಕರಿಸಿ ಕೂತು, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡ.

ಇಳಕಲ್ಲಿನಲ್ಲಿ ಆಮ್ಲಜನಕ ಹಾಕಿ, ಬಾಗಲಕೋಟೆಗೆ ಒಯ್ದೆವು. ಸಂಗಪ್ಪನ ಹೆಂಡತಿ ನೀಲವ್ವ ಗಾಡಿಯಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು: "ಇಳಿಬಾರದಂತ ಮನಿಯಾಗ ನಮಗ ದಿನಾ ಹೇಳತಿದ್ದ. ಅಂವ ಯಾಕ ಇಳದ್ರಿ ಅಕ್ಕಾರ?"

ಮರುದಿನ ಹೊರನಾಡಿನ ತಂಡ ಬಂತು, ಚಿತ್ರ ತೆಗೆಯಿತು, ಹೋಯಿತು. ಪುಸ್ತಿಕೆಯಲ್ಲಿರುವುದು ಅದೇ ಚಿತ್ರ. ಗುಂಡಿಯ ಮುಚ್ಚಳದ ಮೇಲೆ ಹೂಕುಂಡ ಇಟ್ಟಿದ್ದರು.

ಸಂಜೆ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. "ನಿಯಮ ಮೀರಿ, ಯಾರಿಗೂ ತಿಳಿಸದೆ ಇಳಿದರು ಅಂತ ಬರೆಯಿರಿ ಮೇಡಂ. ಒಂದೇ ಸಾಲು. ಈಗ ವಿಚಾರಣೆ ಅಂತ ಶುರುವಾದರೆ ಯೋಜನೆ ನಿಲ್ಲುತ್ತೆ. ಆ ಹೆಂಗಸರ ಕೆಲಸವೂ ನಿಲ್ಲುತ್ತೆ." ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ನಾನು ಬರೆದೆ. ಸಹಿ ಹಾಕಿದೆ. ಅಂದು ಊಟ ಮಾಡಿದೆ, ನಿದ್ದೆಯೂ ಬಂತು. ಹೊಸಬರು ಇದನ್ನು ತಿಳಿದಿರಬೇಕು: ಅಂಥ ಸಹಿ ಹಾಕುವಾಗ ಏನೂ ಆಗುವುದಿಲ್ಲ. ಪೆನ್ನು ಎಂದಿನಂತೆ ಓಡುತ್ತದೆ.

ಹನ್ನೊಂದನೆಯ ದಿನ ದವಾಖಾನೆಯಲ್ಲಿ ಸಂಗಪ್ಪ ಎದ್ದು ಕೂತಿದ್ದ. ಮಾತು ನಿಧಾನವಾಗಿತ್ತು. ವಾಸನೆ ತಿಳಿಯುತ್ತಿರಲಿಲ್ಲ; ನೀಲವ್ವ ಮಾಡಿ ತಂದ ಸಾರನ್ನು ಮೂಗಿನ ಹತ್ತಿರ ಹಿಡಿದು ಇಳಿಸಿದ. ನೀಲವ್ವ ಹೊರಗೆ ಹೋದಾಗ ನನ್ನನ್ನು ಹತ್ತಿರ ಕರೆದ.

"ಅಕ್ಕಾರ, ಆಫೀಸಿನಾವ್ರು ಬಂದಿದ್ರು. ನಾ ಯಾರಿಗೂ ಹೇಳದ ಇಳದೆ ಅಂತ. ನನಗ ಆ ದಿವಸದ್ದು ಒಂದೂ ನೆನಪಿಲ್ರಿ. ಖರೇನ ನಾ ಹಂಗ ಮಾಡಿದ್ನೇನ್ರಿ?"

ಅವನು ಕೇಳಿದ್ದು ತಕರಾರಿಗಲ್ಲ. ತಿಳಿದುಕೊಳ್ಳಲು. ಆ ದಿನ ಅಂಗಳದಲ್ಲಿ ನಾನು ಹೇಳಿದ ಮಾತನ್ನು ಕೇಳಿದವರು ನಾವಿಬ್ಬರೇ. ಅವನಿಗೆ ಮರೆತುಹೋಗಿತ್ತು. ನಾನು ಹೌದು ಅಂದಿದ್ದರೆ ಅವನು ಜೀವಮಾನವಿಡೀ ಅದನ್ನು ನಂಬುತ್ತಿದ್ದ, ನನ್ನ ಮೇಲೆ ಅಷ್ಟು ಗೌರವ ಅವನಿಗೆ. ನಿವೃತ್ತಿಗೆ ನನಗೆ ಮೂರು ವರ್ಷ ಉಳಿದಿತ್ತು. ಅದೂ ತಲೆಗೆ ಬಂತು, ಸುಳ್ಳು ಹೇಳುವುದಿಲ್ಲ.

"ಇಲ್ಲಪಾ" ಅಂದೆ. "ನಾ ಹೆಂಗರ ಮಾಡು ಅಂದೆ. ನನ್ನ ಮಾತಿಗೆ ನೀ ಇಳದಿ."

ಅವನು ದಿಂಬಿಗೆ ಒರಗಿದ. ಆಮೇಲೆ, "ಹಂಗಾರ ನನ್ನ ತಲಿ ನೆಟ್ಟಗ ಐತಿ" ಎಂದು ಮೆಲ್ಲಗೆ ನಕ್ಕ. ತಾನು ಬುದ್ಧಿಗೆಟ್ಟು ಇಳಿದೆನೋ ಎಂಬ ಹೆದರಿಕೆಯೇ ಅವನನ್ನು ಅಷ್ಟು ದಿನ ತಿನ್ನುತ್ತಿತ್ತು. ನನ್ನ ಮೇಲಿನ ಸಿಟ್ಟಿಗೆ ಅವನಿಗೆ ಪುರುಸೊತ್ತೇ ಇರಲಿಲ್ಲ. ಅದನ್ನು ಕಂಡು ನಾನು ದವಾಖಾನೆಯ ಮೆಟ್ಟಿಲ ಮೇಲೆ ಬಂದು ಕೂತು ಅತ್ತೆ.

ಮರುದಿನವೇ ಎರಡನೆಯ ಪತ್ರ ಬರೆದೆ. ಮೊದಲಿನದು ಸುಳ್ಳು, ಮೀಟರ್ ಕೆಟ್ಟಿತ್ತು, ಅವಸರದ ಆಜ್ಞೆ ನನ್ನದು ಎಂದು. ವಿಚಾರಣೆ ನಡೆಯಿತು. ನನಗೆ ಛೀಮಾರಿ ಬಂತು, ಉಳಿದ ಮೂರು ವರ್ಷ ಬಾಗಲಕೋಟೆ ನವನಗರದ ಕಚೇರಿಯಲ್ಲಿ ಹಳೆಯ ಕಡತಗಳ ಕೋಣೆ ಸಿಕ್ಕಿತು. ಸಂಗಪ್ಪನದು ಕೆಲಸದ ಮೇಲಾದ ಅವಘಡ ಎಂದು ತೀರ್ಮಾನವಾಗಿ, ಚಿಕಿತ್ಸೆಯ ಭಾರ ಇಲಾಖೆಯ ಮೇಲೆ ಬಂತು. ಕೂತು ಮಾಡುವ ಕೆಲಸವನ್ನು ಅಲ್ಲಿಯೇ ಕೊಟ್ಟರು. ಯೋಜನೆ ನಿಲ್ಲಲಿಲ್ಲ. ನಾವು ಹೆದರಿದ್ದು ಸುಮ್ಮನೆ. ನಿರ್ದೇಶಕರಿಗೆ ಬೇರೆ ಕಡೆ ವರ್ಗವಾಯಿತು. ಹೋಗುವ ಮೊದಲು ನನ್ನ ಕಡತಗಳ ಕೋಣೆಗೆ ಬಂದು, ಕುರ್ಚಿಯಿಲ್ಲದ್ದಕ್ಕೆ ನಿಂತೇ, "ನಾನೂ ಒಂದು ಕಾಲದಲ್ಲಿ ಗುಂಡಿ ಪಕ್ಕ ನಿಂತು ಕೆಲಸ ಮಾಡಿದವನೇ ಮೇಡಂ. ಎಷ್ಟು ಬೇಗ ಮರೆತುಹೋಗುತ್ತೆ ನೋಡಿ" ಅಂದರು. ಬೈಯಬೇಕೆಂದು ನಾನು ಕೂಡಿಟ್ಟುಕೊಂಡಿದ್ದ ಮಾತುಗಳು ಬರಲಿಲ್ಲ. ಇಬ್ಬರೂ ದಣಿದಿದ್ದೆವು.

ಈಗ ಏನಿದೆ ಎಂದು ಕೇಳುವವರಿಗೆ: ಕಪಾಟುಗಳು ನಾಲ್ಕರಿಂದ ಎರಡಕ್ಕೆ ಇಳಿದಿವೆ, ಉಳಿದ ದಾಖಲೆಗಳು ದೊಡ್ಡ ಊರಿಗೆ ಹೋದವು. ಬಿಸಿ ಕಡಿಮೆಯಾದ್ದರಿಂದ ಗುರವ್ವನ ಕೋಣೆಯಲ್ಲಿ ನೂಲು ಒಣಗಲು ಮೊದಲಿನ ಎರಡರಷ್ಟು ಹೊತ್ತು ಬೇಕು. ಆದರೂ ಒಣಗುತ್ತದೆ. ಮಾಳಪ್ಪ ಮಂಡಿ ನೋವಿನಿಂದ ಮನೆಯಲ್ಲಿದ್ದಾನೆ, ಕುರಿಗಳನ್ನು ಮಗಳು-ಅಳಿಯ ನೋಡುತ್ತಾರೆ. ವಿಠ್ಠಲಪ್ಪನವರು ಈಗಲೂ ಕಟ್ಟಿಗೆಯನ್ನೇ ಉರಿಸುತ್ತಾರೆ.

ಕಳೆದ ವಾರ ನನ್ನ ಜಾಗಕ್ಕೆ ಬಂದ ಹೊಸ ಇಂಜಿನಿಯರ್ ಹುಡುಗಿಯ ಫೋನು ಬಂತು. ಇನ್ನೂ ನೋಡಿಲ್ಲ ಅವಳನ್ನು, ದನಿ ಬಿಗಿದಿತ್ತು. "ಮೇಡಂ, ಮೇಲಿನವರು ನಾಳೆ ಬರ್ತಾರ್ರಿ. ರಾಡಿ ಗುಂಡಿ ಸ್ವಚ್ಛ ಮಾಡಸಬೇಕು. ಮೀಟರ್ ರಿಪೇರಿಗೆ ಹೋಗೈತಿ. ಸಂಗಪ್ಪ ಮುಚ್ಚಳಕ್ಕ ಕೀಲಿ ಹಾಕ್ಯಾನ, ಕೀಲಿಕೈ ಕೊಡವಲ್ಲ. ನನ್ನ ಮಾತ ಕೇಳವಲ್ಲ. ನೀವರ ಒಂದ್ ಮಾತ ಹೇಳ್ರಿ."

"ಅವನ ಕೈಯಾಗ ಕೊಡವಾ ಫೋನು" ಅಂದೆ.

ಅವನ ಉಸಿರು ಕೇಳಿಸಿತು. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ, ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿಕೊಂಡು:

"ಅಕ್ಕಾರ, ಸಿಟ್ಟಿಗೆ ಬರಬ್ಯಾಡ್ರಿ. ಮೀಟರ್ ಬರೂತನಕ ನೀವ್ ಹೇಳಿದ್ರೂ ಕೊಡೂದಿಲ್ಲ."

"ಕೊಡಬ್ಯಾಡ" ಅಂದೆ.